ವೈಮಾನಿಕನ ಮೇಜು

ಎತ್ತರವನ್ನು ಕಂಡವನಿಗೆ ನೆಲದ ಮೇಲಣ ಬಾಳು ಸಪ್ಪೆಯೆಂದು ಲೋಕವು ತಿಳಿದಿದೆ. ದಂಡಿನಿಂದ ಹಿಂದಿರುಗಿದ ಸಿಪಾಯಿ, ರಂಗವನ್ನು ಬಿಟ್ಟ ನಟ, ಕಡಲನ್ನು ತೊರೆದ ನಾವಿಕ, ಇವರೆಲ್ಲರ ವಿಷಯದಲ್ಲಿಯೂ ಜನರು ಆಡುವ ಮಾತು ಒಂದೇ: ‘ಪಾಪ, ಹೇಗಿದ್ದವರು ಹೇಗಾದರು!’ ಕಳೆದ ನೂರು ವರ್ಷಗಳಿಂದೀಚೆಗೆ ಈ ಸಾಲಿಗೆ ಹೊಸದಾಗಿ ಸೇರಿದವನು ವೈಮಾನಿಕ. ಮುಗಿಲಿನ ಮೇಲೆ ಯಂತ್ರವನ್ನು ನಡೆಸುತ್ತಿದ್ದವನು ಒಂದು ದಿನ ಇಳಿದು ಬಂದು, ಕಚೇರಿಯ ಮೇಜಿನ ಮುಂದೆ ಕುಳಿತು, ಇತರರ ಹಾರಾಟದ ಕ್ಷೇಮವನ್ನು ಕುರಿತ ಕಾಗದಪತ್ರಗಳನ್ನು ನೋಡತೊಡಗಿದನೆಂದರೆ ಅದನ್ನು ಏಳಿಗೆಯೆನ್ನುವವರು ವಿರಳ. ಆದರೆ ಈ ಇಳಿತವು ದಿಟವಾಗಿಯೂ ಇಳಿತವೇ? ಮೇಜಿಗೆ ಬಂದ ವೈಮಾನಿಕನು ಕಳೆದುಕೊಂಡುದೇನು, ಆತನಿಂದ ಲೋಕವು ಪಡೆದುದೇನು ಎಂಬುದನ್ನು ಕೊಂಚ ನಿಧಾನವಾಗಿ ವಿಚಾರಮಾಡತಕ್ಕುದಾಗಿದೆ.

ಈ ವಿಚಾರಕ್ಕೆ ಬೆಂಗಳೂರಿನ ಮೂಡಲ ಸೀಮೆಗಿಂತ ತಕ್ಕ ನೆಲೆ ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ. ದೊಡ್ಡನೆಕ್ಕುಂದಿಯು ಒಂದು ಕಾಲಕ್ಕೆ ತನ್ನ ಕೆರೆಯನ್ನು ನೆಚ್ಚಿ ಬಾಳಿದ ಹಳ್ಳಿ. ಈಗ ಅದು ಪಟ್ಟಣದ ಹೊಟ್ಟೆಯೊಳಗೆ ಸೇರಿ, ಹೊರವರ್ತುಲ ರಸ್ತೆ, ಕಾರ್ಖಾನೆ, ಮಹಡಿಮನೆಗಳ ನಡುವೆ ಆ ಕೆರೆಯನ್ನು ಹೇಗೋ ಉಳಿಸಿಕೊಂಡಿದೆ. ಅಲ್ಲಿಂದ ನೈಋತ್ಯಕ್ಕೆ ಕೆಲವೇ ಮೈಲಿಗಳಾಚೆ ಎಚ್.ಎ.ಎಲ್. ವಿಮಾನದಾಣ. ೧೯೪೦ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಈ ಸೀಮೆಯ ಆಕಾಶವು ಪರೀಕ್ಷೆಯ ಆಕಾಶವಾಯಿತು. ೨೦೦೮ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೊರಟುಹೋದುವು. ಪರೀಕ್ಷೆಯ ವಿಮಾನಗಳು ಇಲ್ಲಿಯೇ ಉಳಿದುವು. ವಾಯುಸೇನೆಯ ವಿಮಾನಪರೀಕ್ಷಾ ಸಂಸ್ಥೆಯು ಆ ದಾಣದಲ್ಲಿಯೇ ಇದೆ. ಸೇನೆಯ ವಿಮಾನಗಳು ಹಾರಲು ಯೋಗ್ಯವೆಂದು ಪ್ರಮಾಣಪತ್ರವನ್ನು ಕೊಡುವ ಕೇಂದ್ರವೊಂದು ೧೯೯೫ರಲ್ಲಿ ಏರ್ಪಟ್ಟು ನೆರೆಯ ಮಾರತ್ತಹಳ್ಳಿಯಲ್ಲಿ ನೆಲೆಸಿದೆ. ೧೯೫೭ರಲ್ಲಿ ಆರಂಭವಾದ ವೈಮಾನಿಕ ವೈದ್ಯವಿದ್ಯಾಲಯವು ವಿಮಾನಪುರದಲ್ಲಿದೆ. ಹಾರುವವರು, ಹಾರಲು ಅನುಜ್ಞೆ ಕೊಡುವವರು, ಹಾರುವವರ ಶರೀರವನ್ನು ಪರೀಕ್ಷಿಸುವವರು, ಈ ಮೂವರೂ ಒಂದೇ ಹೋಬಳಿಯಷ್ಟು ನೆಲದಲ್ಲಿ ನೆರೆಹೊರೆಯವರಾಗಿದ್ದಾರೆ. ಆದುದರಿಂದ ವೈಮಾನಿಕನೊಬ್ಬನು ಹಾರಾಟವನ್ನು ಬಿಟ್ಟು ಮೇಜನ್ನು ಸೇರಿದ ಬಳಿಕ ಈ ಸೀಮೆಯಲ್ಲಿಯೇ ಮನೆಮಾಡಿ ನಿಂತರೆ ಅದರಲ್ಲಿ ವಿಶೇಷವೇನೂ ಇಲ್ಲ.

ಆತನು ಇಳಿಯುವ ಬಗೆ ಹಲವು. ಕೆಲವರಿಗೆ ವಯಸ್ಸೇ ಬಾಗಿಲನ್ನು ಮುಚ್ಚುತ್ತದೆ. ಪ್ರಯಾಣಿಕರ ವಿಮಾನಗಳನ್ನು ನಡೆಸುವವರಿಗೆ ೬೫ ವರ್ಷವು ಕೊನೆಯ ಎಲ್ಲೆ. ಕೆಲವರು ಶಕ್ತಿಯಿರುವಾಗಲೇ ತಮ್ಮ ಇಚ್ಛೆಯಿಂದ ಮೇಜನ್ನು ಆರಿಸಿಕೊಳ್ಳುತ್ತಾರೆ. ಹಲವರ ಪಾಲಿಗಾದರೋ ವೈದ್ಯನ ಒಂದು ಸಾಲಿನ ಬರೆಹವೇ ವಿಧಿಲಿಖಿತವಾಗುತ್ತದೆ. ಹೃದಯದ ಬಡಿತವನ್ನು ಬರೆಯುವ ಪಟ್ಟಿಯಲ್ಲಿ ಒಂದು ಗೆರೆ ಇರಬೇಕಾದಂತಿಲ್ಲ. ಕಿವಿಗೆ ಒಂದು ಸ್ವರ ಕೇಳಿಸುತ್ತಿಲ್ಲ. ಎಂದೋ ಅಪಾಯಕಾಲದಲ್ಲಿ ಆಸನಸಮೇತನಾಗಿ ವಿಮಾನದಿಂದ ಹೊರಚಿಮ್ಮಿ ಪ್ರಾಣವನ್ನುಳಿಸಿಕೊಂಡಾಗ ಬೆನ್ನೆಲುಬಿಗೆ ತಗುಲಿದ ಪೆಟ್ಟು ಮಾಯ್ದಂತೆ ತೋರಿಯೂ ಮಾಯ್ದಿಲ್ಲ. ನಿನ್ನೆಯವರೆಗೆ ಆರೋಗ್ಯದ ಮಾದರಿಯೆನಿಸಿದ್ದವನು, ಮನೆಯವರ ಕಣ್ಣಿಗೆ ಇಂದಿಗೂ ಹಾಗೆಯೇ ಕಾಣುವವನು, ಒಂದು ಬೆಳಗ್ಗೆ ಹಾರಾಟಕ್ಕೆ ಅಯೋಗ್ಯನಾಗುತ್ತಾನೆ. ಅಯೋಗ್ಯ ಎಂಬ ಆ ಮಾತಿನ ಕಾಠಿಣ್ಯವನ್ನು ಅದನ್ನು ಬರೆದ ವೈದ್ಯನೂ ಬಲ್ಲನು. ಆದರೆ ಬರೆಯದೆ ಬಿಡುವುದು ಆತನಿಗೆ ಸಾಧ್ಯವಿಲ್ಲ.

ಮೇಜಿನ ಮೊದಲ ತಿಂಗಳುಗಳು ಮೈಲಿಗೆಯ ದಿನಗಳಂತೆ ಕಳೆಯುತ್ತವೆ. ಮಧ್ಯಾಹ್ನ ತಲೆಯ ಮೇಲೆ ವಿಮಾನವು ಗರ್ಜಿಸಿದರೆ ಕಚೇರಿಯಲ್ಲಿ ಉಳಿದವರು ಮಾತನ್ನು ಕ್ಷಣಕಾಲ ನಿಲ್ಲಿಸಿ ಮುಂದುವರಿಸುತ್ತಾರೆ. ಆತನಿಗೆ ಮಾತ್ರ ಅದು ಯಾವ ವಿಮಾನ, ಎಂಜಿನ್ನು ಯಾವ ಹಿಡಿತದಲ್ಲಿದೆ ಎಂಬುದೆಲ್ಲ ಕಿವಿಯಿಂದಲೇ ಗೊತ್ತಾಗುತ್ತದೆ. ಕೈಗೆ ಹಿಡಿಯಲು ಲೇಖನಿಯ ಹೊರತು ಏನೂ ಇಲ್ಲ. ಹಿಂದೆ ಆತನ ಒಂದು ನಿರ್ಣಯಕ್ಕೆ ಫಲವು ಕ್ಷಣದಲ್ಲಿ ಕಾಣುತ್ತಿತ್ತು. ಈಗ ಒಂದು ಸೂಚನೆಯನ್ನು ಬರೆದರೆ ಅದು ಮೂರು ಕಚೇರಿಗಳನ್ನು ಸುತ್ತಿ ಆರು ತಿಂಗಳ ಮೇಲೆ ನಾಲ್ಕು ಪ್ರಶ್ನೆಗಳೊಡನೆ ಹಿಂದಿರುಗುತ್ತದೆ. ಹಳೆಯ ಗೆಳೆಯರು ಆತನನ್ನು ಗುಮಾಸ್ತನೆಂದು ನಗೆಯಾಡುತ್ತಾರೆ. ಹಾರುತ್ತಿರುವ ಕಿರಿಯರು ತಮ್ಮ ತಪ್ಪುಗಳನ್ನು ಹುಡುಕಲು ಕುಳಿತ ಬೇಹುಗಾರನೆಂದು ಸಂಶಯಪಡುತ್ತಾರೆ. ಮೊದಲನೆಯದನ್ನು ನಕ್ಕು ಮರೆಯಬಹುದು. ಎರಡನೆಯದು ಹಾಗಲ್ಲ, ಅದನ್ನು ಗೆಲ್ಲದಿದ್ದರೆ ಆತನ ಕೆಲಸವೇ ನಡೆಯುವಂತಿಲ್ಲ.

ಇಂತಹ ಮೇಜು ಏತಕ್ಕಾಗಿ ಬೇಕಾಯಿತೆಂಬುದನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಹಳೆಯ ಮದರಾಸು ರಸ್ತೆಯಿಂದ ವಿಮಾನದಾಣದ ಕಡೆಗೆ ಬರುವ ದಾರಿಗೆ ಸುರಂಜನ್ ದಾಸ್ ರಸ್ತೆಯೆಂದು ಹೆಸರು. ೧೯೬೧ನೆಯ ಜೂನ್ ೧೭ರಂದು, ಭಾರತದಲ್ಲಿಯೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವಾದ ‘ಮಾರುತ’ವನ್ನು ಈ ದಾಣದಿಂದ ಮೊತ್ತಮೊದಲು ಮೇಲೆತ್ತಿದವರು ಅವರು. ೧೯೭೦ನೆಯ ಜನವರಿ ೧೦ರಂದು ಅದೇ ಮಾರುತದ ಸುಧಾರಿತ ರೂಪವೊಂದನ್ನು ಇಲ್ಲಿಯೇ ಪರೀಕ್ಷಿಸುತ್ತ ಅವರು ಮಡಿದರು. ೧೯೯೦ನೆಯ ಫೆಬ್ರವರಿ ೧೪ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ವಿಮಾನವು ರನ್‌ವೇಯನ್ನು ಮುಟ್ಟುವ ಮೊದಲೇ ಪಡುವಣ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಗುಲಿತು. ಅದರಲ್ಲಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ತೀರಿಹೋದರು. ೨೦೧೯ನೆಯ ಫೆಬ್ರವರಿ ೧ರಂದು ಇಲ್ಲಿಂದ ಮೇಲೇಳುತ್ತಿದ್ದ ಮಿರಾಜ್ ವಿಮಾನವು ಬಿದ್ದು ವಾಯುಸೇನೆಯ ಇಬ್ಬರು ಪರೀಕ್ಷಾ ವೈಮಾನಿಕರು ಅಸುನೀಗಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ಜನರು ಆಡಿದರು. ಆ ಗಾದೆಯನ್ನು ಸುಳ್ಳುಮಾಡುವುದೇ, ಅಂದರೆ ಕೆಡುವ ಮೊದಲೇ ಬುದ್ಧಿ ಬರುವಂತೆ ನೋಡಿಕೊಳ್ಳುವುದೇ, ಈ ಮೇಜಿನ ಉದ್ದೇಶ.

ಆ ಕೆಲಸವು ನಡೆಯುವ ಕ್ರಮವು ಹೀಗಿದೆ. ಪ್ರಯಾಣಿಕರ ವಿಮಾನದಲ್ಲಿ ವೇಗ, ಎತ್ತರ, ಎಂಜಿನ್ನಿನ ಸ್ಥಿತಿ ಮುಂತಾದ ನೂರಾರು ಅಂಶಗಳನ್ನು ಎಡೆಬಿಡದೆ ಬರೆದುಕೊಳ್ಳುವ ಪೆಟ್ಟಿಗೆಯೊಂದಿರುವುದು. ಕಪ್ಪು ಪೆಟ್ಟಿಗೆಯೆಂಬುದು ಅದರ ರೂಢಿಯ ಹೆಸರು, ಅದರ ಬಣ್ಣವಾದರೋ ಕಿತ್ತಳೆ. ಕಡೆಯ ೨೫ ಗಂಟೆಗಳ ವೃತ್ತಾಂತವಾದರೂ ಅದರಲ್ಲಿರಬೇಕು. ಅಪಘಾತವಾದಾಗ ಮಾತ್ರ ಇಂತಹ ಬರೆಹವನ್ನು ಓದುವುದು ಹಳೆಯ ವಾಡಿಕೆ. ಕ್ಷೇಮವಾಗಿ ಮುಗಿದ ಹಾರಾಟಗಳದ್ದನ್ನೂ ದಿನದಿನವೂ ಓದುವುದು ಈಗಿನ ಪದ್ಧತಿ. ಇಳಿಯುವ ವಿಮಾನವು ನೆಲದಿಂದ ೧೦೦೦ ಅಡಿ ಎತ್ತರದಲ್ಲಿರುವಾಗಲೇ ವೇಗ, ಇಳಿತದ ಪ್ರಮಾಣ, ದಿಕ್ಕು ಎಲ್ಲವೂ ಸ್ಥಿರವಾಗಿರಬೇಕು. ಇಲ್ಲದಿದ್ದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ ಒಂದು ಸುತ್ತು ಬರಬೇಕು ಎಂಬುದು ನಿಯಮ. ನಿಯಮವನ್ನು ಮೀರಿಯೂ ಸುಖವಾಗಿ ಇಳಿದ ಹಾರಾಟವೊಂದನ್ನು ಪ್ರಯಾಣಿಕನು ಮರೆಯುತ್ತಾನೆ, ವೈಮಾನಿಕನೂ ಮರೆಯಬಹುದು, ಮೇಜಿನವನು ಮರೆಯಕೂಡದು. ಇದರೊಂದಿಗೆ, ಹಾರುವವರು ತಾವಾಗಿಯೇ ಬರೆದು ಕಳುಹಿಸುವ ವರದಿಗಳೂ ಉಂಟು. ಅಮೆರಿಕದಲ್ಲಿ ೧೯೭೬ರಿಂದ ಇಂತಹ ವರದಿಗಳನ್ನು ದಂಡಿಸುವ ಅಧಿಕಾರವಿಲ್ಲದ ಬೇರೊಂದು ಸಂಸ್ಥೆಯು ಸ್ವೀಕರಿಸಿ, ಬರೆದವರ ಹೆಸರನ್ನು ಅಳಿಸಿ, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತ ಬಂದಿದೆ. ಭಯವಿರುವಲ್ಲಿ ಸತ್ಯವು ಮೇಜಿನವರೆಗೆ ಬರುವುದಿಲ್ಲವೆಂಬ ಅನುಭವವೇ ಈ ಏರ್ಪಾಡಿಗೆ ಮೂಲ.

ಕನ್ನಡದ ಹಳ್ಳಿಗಳಿಗೆ ಈ ಬಗೆಯ ಕೆಲಸವು ಹೊಸದೇನೂ ಅಲ್ಲ. ಕೆರೆಯುಳ್ಳ ಊರುಗಳಲ್ಲಿ ನೀರುಗಂಟಿಯೆಂಬವನೊಬ್ಬನಿದ್ದನು. ತೂಬನ್ನು ತೆರೆದು ಮುಚ್ಚಿ ನೀರನ್ನು ಹಂಚುವುದರ ಜೊತೆಗೆ ಏರಿಯ ಮೇಲೆ ಕಣ್ಣಿಟ್ಟಿರುವುದೂ ಅವನ ಪಾಲಿನದು. ಏರಿಯ ಕೆಳಗೆ ನೆಲವು ಅಕಾರಣವಾಗಿ ತೇವವಾಗಿದ್ದರೆ, ಹೆಗ್ಗಣವು ಹೊಸ ಬಿಲವನ್ನು ತೋಡಿದ್ದರೆ, ಕೋಡಿಯಲ್ಲಿ ಕಸ ಕಟ್ಟಿಕೊಂಡಿದ್ದರೆ, ಅದನ್ನು ಮೊದಲು ಕಾಣಬೇಕಾದವನು ಅವನು. ಏರಿಯು ಒಡೆದ ವರ್ಷ ಊರೆಲ್ಲ ಅವನ ಹೆಸರನ್ನು ಹಿಡಿದು ಕೂಗಿತು. ಒಡೆಯದ ಇಪ್ಪತ್ತು ವರ್ಷ ಅವನನ್ನು ಯಾರೂ ನೆನೆಯಲಿಲ್ಲ. ಸುರಕ್ಷತೆಯ ಮೇಜಿನಲ್ಲಿ ಕುಳಿತವನೂ ಇಂತಹ ನೀರುಗಂಟಿಯೇ. ಹಾರಿ ಬಲ್ಲವನಾದುದರಿಂದ ಯಾವ ತೇವವು ಮಳೆಯದು, ಯಾವುದು ಸೋರಿಕೆಯದು ಎಂಬ ಭೇದವನ್ನು ಆತನು ಅರಿಯುತ್ತಾನೆ. ಅಂಕಿಗಳನ್ನು ಮಾತ್ರ ಬಲ್ಲವನಿಗೆ ಎರಡೂ ಒಂದೇ ಆಗಿ ಕಂಡೀತು.

ಆದರೆ ಹಾರಿ ಬಲ್ಲವನಿಗೆ ಮತ್ತೊಂದು ಕಷ್ಟವಿದೆ. ಆತನು ಓದಬೇಕಾದುದು ತನ್ನವರ ತಪ್ಪುಗಳನ್ನು. ಸತ್ತವರ ಕಡೆಯ ಮಾತುಗಳನ್ನು ಕೇಳಿ, ಅವರು ಏನನ್ನು ಕಾಣಲಿಲ್ಲವೆಂದು ಬರೆಯಬೇಕಾಗಿ ಬರುವುದೂ ಉಂಟು. ೧೯೯೦ರ ಅಪಘಾತವನ್ನು ವಿಚಾರಿಸಿದ ನ್ಯಾಯಮೂರ್ತಿ ಶಿವಶಂಕರ ಭಟ್ಟರ ನ್ಯಾಯಾಲಯದ ಮುಂದೆ ಬಂದ ವಿಷಯವು ಇಂತಹದು: ವಿಮಾನದ ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿಯೇ ಓಡುವಂತಹ ಇಳಿತದ ವಿಧಾನವೊಂದರಲ್ಲಿ ಯಂತ್ರವು ಸಿಕ್ಕಿಕೊಂಡಿತ್ತು, ವೇಗವು ಕುಂದುತ್ತಿತ್ತು; ಎತ್ತರವು ೪೦೦, ೩೦೦, ೨೦೦ ಅಡಿಯೆಂದು ಯಂತ್ರವೇ ಕೂಗಿ ಹೇಳುತ್ತಿದ್ದರೂ ಶಕ್ತಿಯನ್ನು ಹೆಚ್ಚಿಸುವುದು ತಡವಾಯಿತು. ವೈಮಾನಿಕರು ಎಚ್ಚರಗೊಳ್ಳಲಿಲ್ಲವೆಂದು ತೀರ್ಪುಕೊಟ್ಟು ಕಡತವನ್ನು ಮುಚ್ಚುವುದು ಸುಲಭ. ಅನುಭವಿಗಳಾದ ಇಬ್ಬರು, ಹಗಲು ಹೊತ್ತಿನಲ್ಲಿ, ರನ್‌ವೇಯು ಕಣ್ಣೆದುರಿಗಿರುವಾಗ, ಅದನ್ನು ಏಕೆ ಕಾಣಲಿಲ್ಲವೆಂದು ಕೇಳುವುದು ಕಷ್ಟ. ಹಾಗೆ ಕೇಳಿದಾಗ ಹೊಸ ಯಂತ್ರದ ವಿನ್ಯಾಸ, ಅದನ್ನು ಕಲಿಸಿದ ಬಗೆ, ಕೋಣೆಯೊಳಗೆ ಇಬ್ಬರ ನಡುವಣ ಕೆಲಸದ ಹಂಚಿಕೆ ಇವೆಲ್ಲವೂ ವಿಚಾರಕ್ಕೆ ಬರುತ್ತವೆ.

ಮಂಗಳೂರಿನ ದುರಂತದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ೨೦೧೦ನೆಯ ಮೇ ೨೨ರ ಬೆಳಗ್ಗೆ ದುಬಾಯಿಯಿಂದ ಬಂದ ಬೋಯಿಂಗ್ ವಿಮಾನವು ಗುಡ್ಡದ ನೆತ್ತಿಯ ಮೇಲಿನ ರನ್‌ವೇಯಲ್ಲಿ ಬಹು ಮುಂದೆ ನೆಲವನ್ನು ಮುಟ್ಟಿ, ನಿಲ್ಲಲಾರದೆ ಕಮರಿಗೆ ಉರುಳಿತು. ೧೫೮ ಮಂದಿ ಮಡಿದರು; ಉಳಿದವರು ೮ ಮಂದಿ. ವಿಚಾರಣೆಯ ಮುಖ್ಯಸ್ಥರಾಗಿದ್ದ ಏರ್ ಮಾರ್ಷಲ್ ಭೂಷಣ ನೀಲಕಂಠ ಗೋಖಲೆಯವರು ಯುದ್ಧವಿಮಾನಗಳನ್ನು ನಡೆಸಿ ವಾಯುಸೇನೆಯ ಉಪಮುಖ್ಯಸ್ಥರಾಗಿ ನಿವೃತ್ತರಾದವರು. ಹಾರಾಟದಿಂದ ಮೇಜಿಗೆ ಬಂದವರ ದೊಡ್ಡ ನಿದರ್ಶನ. ಇಳಿಯುವುದನ್ನು ಕೈಬಿಡೋಣವೆಂದು ಸಹವೈಮಾನಿಕನು ಮೂರು ಬಾರಿ ಹೇಳಿದುದೂ, ಮುಖ್ಯ ವೈಮಾನಿಕನು ಕೈಬಿಡದೆ ಇಳಿಸಿದುದೂ, ಹಾರಾಟದಲ್ಲಿ ಆತನು ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದುದೂ ಆ ವರದಿಯಿಂದ ತಿಳಿದುಬಂದುವು. ಕಿರಿಯನ ಮಾತು ಹಿರಿಯನಿಗೆ ಏಕೆ ಕೇಳಿಸಲಿಲ್ಲವೆಂಬುದು ವಿಮಾನಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲವಷ್ಟೆ. ಅಪಘಾತಗಳನ್ನು ವಿಚಾರಿಸಲು ಪ್ರತ್ಯೇಕವಾದ ಸಂಸ್ಥೆಯೊಂದು ಬೇಕೆಂಬ ಒತ್ತಾಯವು ಆ ಬಳಿಕ ಬಲಗೊಂಡು, ೨೦೧೨ರಲ್ಲಿ ಭಾರತದ ವಿಮಾನ ಅಪಘಾತ ತನಿಖಾ ಸಂಸ್ಥೆಯು ಸ್ಥಾಪಿತವಾಯಿತು. ವಿಚಾರಣೆಯ ಗುರಿಯು ಮುಂದಿನ ಅಪಘಾತವನ್ನು ತಪ್ಪಿಸುವುದೇ ಹೊರತು ದೋಷಾರೋಪಣೆಯಲ್ಲವೆಂಬುದು ಅಂತರರಾಷ್ಟ್ರೀಯ ಒಡಂಬಡಿಕೆಯ ೧೩ನೆಯ ಅನುಬಂಧದ ತತ್ತ್ವ. ಈ ಅನುಬಂಧವು ೧೯೫೧ರಲ್ಲಿ ಅಂಗೀಕೃತವಾಯಿತು. ಇದನ್ನು ಬಾಯಿಂದ ಒಪ್ಪುವುದು ಸುಲಭ. ನೂರಾರು ಚಿತೆಗಳ ಬೂದಿ ಆರುವ ಮೊದಲು ಮನಸ್ಸಿನಿಂದ ಒಪ್ಪುವುದು ತಪಸ್ಸು.

ಮೇಜಿನ ಕೆಲಸದಲ್ಲಿ ಪ್ರಾಣಭಯವಿಲ್ಲವೆಂದು ಹಗುರಾಗಿ ಮಾತಾಡುವವರು ‘ಸರಸ್’ ವಿಮಾನದ ವೃತ್ತಾಂತವನ್ನು ನೆನೆಯಬೇಕು. ಬೆಂಗಳೂರಿನ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಆ ಚಿಕ್ಕ ವಿಮಾನದ ಎರಡನೆಯ ಮಾದರಿಯು ೨೦೦೯ನೆಯ ಮಾರ್ಚ್ ೬ರಂದು ಬಿಡದಿಯ ಬಳಿ ಬಿದ್ದು, ವಿಂಗ್ ಕಮ್ಯಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮ್ಯಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಎಂಬ ಮೂವರು ತೀರಿಕೊಂಡರು. ಆಕಾಶದಲ್ಲಿ ಒಂದು ಎಂಜಿನ್ನನ್ನು ಬೇಕೆಂದೇ ಆರಿಸಿ ಮತ್ತೆ ಹೊತ್ತಿಸುವುದು ಅಂದಿನ ಪರೀಕ್ಷೆ. ಹೊತ್ತಿಸುವ ಆ ಕ್ರಮವು ಸರಿಯಾಗಿರಲಿಲ್ಲವೆಂದೂ, ಅದನ್ನು ಗೊತ್ತುಮಾಡುವಾಗ ಪ್ರೊಪೆಲ್ಲರನ್ನು ತಯಾರಿಸಿದವರನ್ನು ಕೇಳಿರಲಿಲ್ಲವೆಂದೂ, ಸಾಲದ ಎತ್ತರದಲ್ಲಿ ಅದನ್ನು ಅನುಸರಿಸಿದುದರಿಂದ ವಿಮಾನವು ಹಿಡಿತ ತಪ್ಪಿತೆಂದೂ ವಿಚಾರಣೆಯು ಹೇಳಿತು. ನೆಲದ ಮೇಲೆ, ನೆರಳಿನಲ್ಲಿ, ಕಾಗದದ ಮೇಲೆ ಬರೆದ ನಾಲ್ಕು ಸಾಲುಗಳು ಆಕಾಶದಲ್ಲಿ ಮೂವರ ಬಾಳಿನ ಪ್ರಶ್ನೆಯಾದುವು. ಮೇಜಿನ ಮೇಲೆ ಬರೆದುದೆಲ್ಲವೂ ಒಂದು ದಿನ ಯಾರದೋ ಕೈಯಲ್ಲಿ ಹಾರುತ್ತದೆ. ಇದನ್ನು ಓದಿನಿಂದ ತಿಳಿದವನಿಗಿಂತ, ಹಿಂದೊಮ್ಮೆ ಅಂತಹ ಕಾಗದವನ್ನು ತೊಡೆಯ ಮೇಲೆ ಕಟ್ಟಿಕೊಂಡು ಹಾರಿದವನು ಹೆಚ್ಚು ಚೆನ್ನಾಗಿ ಬಲ್ಲನು. ಆತನು ಮೇಜಿನಲ್ಲಿ ಕುಳಿತಿರಬೇಕಾದುದು ಈ ಕಾರಣಕ್ಕಾಗಿ.

ಹೀಗೆ ಕುಳಿತವನಿಗೆ ಬೇಕಾದ ಧೈರ್ಯವು ‘ಬೇಡ’ ಎನ್ನುವ ಧೈರ್ಯ. ಪರೀಕ್ಷಾ ವೈಮಾನಿಕರಾಗಿ ಹೆಸರಾಗಿದ್ದ ಏರ್ ಮಾರ್ಷಲ್ ಫಿಲಿಪ್ ರಾಜಕುಮಾರರು ೧೯೯೪ರಲ್ಲಿ ‘ತೇಜಸ್’ ವಿಮಾನವನ್ನು ರೂಪಿಸುತ್ತಿದ್ದ ಸಂಸ್ಥೆಗೆ ಹಾರಾಟಪರೀಕ್ಷೆಯ ಹೊಣೆಯನ್ನು ಹೊತ್ತು ಬಂದರು. ಮರುವರ್ಷ, ೧೯೯೫ನೆಯ ನವೆಂಬರಿನಲ್ಲಿ, ಆ ವಿಮಾನವನ್ನು ಸಾರ್ವಜನಿಕರ ಮುಂದೆ ತಂದು ನಿಲ್ಲಿಸಲಾಯಿತು, ಹಾರಲಿಲ್ಲ. ಸಹಜವಾಗಿ ಅಸ್ಥಿರವಾದ, ಗಣಕಯಂತ್ರಗಳ ಎಡೆಬಿಡದ ಹಿಡಿತದಿಂದಲೇ ಹಾರಬೇಕಾದ ಯಂತ್ರವದು. ೧೯೯೮ರ ಅಣುಪರೀಕ್ಷೆಗಳ ಬಳಿಕ ಅಮೆರಿಕದ ನೆರವೂ ನಿಂತುಹೋಯಿತು. ಹಾರದ ವಿಮಾನವೆಂದು ಪತ್ರಿಕೆಗಳು ಹಂಗಿಸಿದುವು. ನೆಲದ ಮೇಲಣ ಪರೀಕ್ಷೆಗಳು ಮುಗಿಯದೆ ಅದನ್ನು ಮೇಲೆತ್ತಲಿಲ್ಲ. ೨೦೦೧ನೆಯ ಜನವರಿ ೪ರಂದು ವಿಂಗ್ ಕಮ್ಯಾಂಡರ್ ರಾಜೀವ್ ಕೋಠಿಯಾಲರು ಅದನ್ನು ಎಚ್.ಎ.ಎಲ್. ದಾಣದಿಂದ ಎತ್ತಿ, ೧೮ ನಿಮಿಷ ಹಾರಿಸಿ, ಇಳಿಸಿದರು. ಐದು ವರ್ಷಗಳ ನಿಂದೆಗೆ ಹದಿನೆಂಟು ನಿಮಿಷಗಳ ಉತ್ತರ! ಅಂದಿನಿಂದ ತೇಜಸ್ ವಿಮಾನವೊಂದು ಮೊದಲ ಬಾರಿಗೆ ನೆಲಕ್ಕೆ ಬಿದ್ದುದು ೨೦೨೪ನೆಯ ಮಾರ್ಚಿನಲ್ಲಿ, ಜೈಸಲ್ಮೇರಿನ ಬಳಿ. ಆಗ ವೈಮಾನಿಕನು ಬದುಕಿ ಉಳಿದನು. ೨೦೨೫ನೆಯ ನವೆಂಬರಿನಲ್ಲಿ ದುಬಾಯಿಯ ಪ್ರದರ್ಶನದಲ್ಲಿ ಮತ್ತೊಂದು ಬಿದ್ದಾಗ ವೈಮಾನಿಕನು ಉಳಿಯಲಿಲ್ಲ. ಇಷ್ಟು ಎಚ್ಚರವಹಿಸಿದೆವು, ಇನ್ನು ಸಾಕು ಎಂದು ಮೇಜನ್ನು ಬಿಟ್ಟೇಳುವ ದಿನವು ಎಂದಿಗೂ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇಕಿಲ್ಲ.

ಮೇಜಿಗೂ ಅದರದೇ ಆದ ರೋಗಗಳಿವೆಯೆಂಬುದನ್ನು ಮರೆಮಾಡಬೇಕಾಗಿಲ್ಲ. ವರ್ಷಗಳು ಕಳೆದಂತೆ ಕಾಗದವೇ ಗುರಿಯಾಗಿ, ಆಕಾಶವು ನೆಪವಾಗಬಹುದು. ಪಟ್ಟಿಯಲ್ಲಿ ಗುರುತುಹಾಕಿದ್ದರೆ ಸಾಕು, ಕೆಲಸವಾಯಿತೆಂಬ ಭ್ರಮೆ ಬೆಳೆಯಬಹುದು. ತನ್ನ ಕಾಲದ ಹಾರಾಟವೇ ಹಾರಾಟವೆಂದು ಹಳೆಯ ವೈಮಾನಿಕನು ಹೊಸ ಯಂತ್ರವನ್ನು ಅರಿಯದೆ ಬುದ್ಧಿವಾದ ಹೇಳಬಹುದು. ಎಲ್ಲಕ್ಕಿಂತ ಕೆಟ್ಟುದೆಂದರೆ, ಇಂತಹ ತಪ್ಪು ತನ್ನ ಕೈಯಿಂದ ಆಗುತ್ತಿರಲಿಲ್ಲವೆಂಬ ಹಮ್ಮು. ಸಹವೈಮಾನಿಕನ ತಪ್ಪನ್ನು ಓದುವಾಗ ಆ ಹಮ್ಮು ತಲೆಯೆತ್ತಿದರೆ ಓದು ಅಲ್ಲಿಗೇ ನಿಲ್ಲುತ್ತದೆ. ಆ ಆಸನದಲ್ಲಿ, ಆ ದಣಿವಿನಲ್ಲಿ, ಆ ಕ್ಷಣದಲ್ಲಿ ತಾನಿದ್ದರೂ ಹಾಗೆಯೇ ಮಾಡಬಹುದಾಗಿತ್ತೆಂದು ಒಪ್ಪಿಕೊಂಡವನಿಗೆ ಮಾತ್ರ, ಮುಂದೆ ಬರುವವನು ಹಾಗೆ ಮಾಡದಂತೆ ಏನು ಮಾಡಬೇಕೆಂಬುದು ಹೊಳೆಯುತ್ತದೆ. ಹಾರಾಟವು ಮನುಷ್ಯನಿಗೆ ಆತ್ಮವಿಶ್ವಾಸವನ್ನು ಕಲಿಸುತ್ತದೆ. ಮೇಜಾದರೋ ಆ ವಿಶ್ವಾಸವನ್ನು ಕೊಂಚ ಕರಗಿಸಿ ಕರುಣೆಯನ್ನು ಬೆರೆಸಬೇಕೆಂದು ಕೇಳುತ್ತದೆ. ಹಾಗೆ ಬೆರೆಸಿಕೊಂಡವನನ್ನು ಕಿರಿಯರು ಬೇಹುಗಾರನೆಂದು ಶಂಕಿಸುವುದನ್ನು ಬಿಟ್ಟು, ಬಾಗಿಲನ್ನು ತಟ್ಟಿ ಒಳಗೆ ಬಂದು, ಯಾರಿಗೂ ಹೇಳದ ಮಾತನ್ನು ಆತನಿಗೆ ಹೇಳುತ್ತಾರೆ. ಅಂತಹ ಒಂದು ಮಾತು ಹತ್ತು ಕಪ್ಪು ಪೆಟ್ಟಿಗೆಗಳಿಗೆ ಸಮಾನ.

ಈ ಕೆಲಸದ ಸಂಬಳವು ಏನೇ ಇರಲಿ, ಸಂಪಾದನೆಯನ್ನು ಎಣಿಸುವ ಉಪಾಯವಿಲ್ಲ. ಹಾರಿದ ಗಂಟೆಗಳನ್ನು ವೈಮಾನಿಕನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಇಳಿವಯಸ್ಸಿನಲ್ಲಿ ಅದನ್ನು ತೆರೆದು ಮೊಮ್ಮಕ್ಕಳಿಗೆ ತೋರಿಸಬಹುದು. ಆಗದೆ ಹೋದ ಅಪಘಾತಗಳನ್ನು ಬರೆದಿಡುವ ಪುಸ್ತಕವು ಎಲ್ಲಿಯೂ ಇಲ್ಲ. ಮೇಜಿನಿಂದ ಹೊರಟ ಒಂದು ಎಚ್ಚರಿಕೆಯ ಸಾಲಿನಿಂದ ಬದುಕಿದವನಿಗೆ ತಾನು ಬದುಕಿದೆನೆಂಬುದು ಗೊತ್ತಾಗುವುದಿಲ್ಲ, ಬರೆದವನಿಗೂ ಗೊತ್ತಾಗುವುದಿಲ್ಲ. ವಿಮಾನವು ನೆಲವನ್ನು ಮುಟ್ಟಿ ನಿಂತೊಡನೆ ಪ್ರಯಾಣಿಕರು ಗಂಟುಮೂಟೆಗಳನ್ನು ತೆಗೆದುಕೊಂಡು, ಮನೆಯ ಊಟವನ್ನೋ ಮಕ್ಕಳನ್ನೋ ನೆನೆಯುತ್ತ ಹೊರಡುತ್ತಾರೆ. ಅವರ ಆ ನಿಶ್ಚಿಂತೆಯ ನಡಿಗೆಯಲ್ಲಿ ಮೇಜಿನವನ ಪಾಲು ಎಷ್ಟೆಂದು ಯಾರೂ ಹೇಳಲಾರರು. ಅದನ್ನು ಕೇಳದೆಯೇ ಮರುದಿನದ ಕಾಗದವನ್ನು ಬಿಚ್ಚಿ ಓದಲು ಕುಳಿತವನು ಆಕಾಶವನ್ನು ಬಿಟ್ಟವನೆಂದು ಹೇಳುವುದು ನ್ಯಾಯವಾಗದು.